ಗಾಣದ ಕೋಣೆ

ತಾಯಿ ಬಾಳಕ್ಕ ಅವಲಕ್ಕಿ ತಿನ್ನುವುದನ್ನು ನೋಡಬಾರದು ಎಂದುಕೊಂಡೇ ಸಿದ್ದಾರೂಢ ನೋಡುತ್ತಿದ್ದ. ತಿನ್ನುವಾಗ ಬಾಯಿ ಮುಚ್ಚಬೇಕೆಂಬುದನ್ನು ಅವಳು ಮರೆತು ಯಾವ ಕಾಲವಾಗಿತ್ತೋ. ಅಗುಳು ನಾಲಗೆಯ ಮೇಲೆ ಹೊರಳಿ, ವಸಡಿಗೆ ಅಂಟಿ, ಜೊಲ್ಲಿನ ಜೊತೆ ತುಟಿಯಂಚಿಗೆ ಬಂದು, ಬೀಳಲೋ ಬೇಡವೋ ಎಂದು ನಿಲ್ಲುತ್ತಿತ್ತು. ಹೆತ್ತವಳನ್ನು ಕಂಡು ಹೇಸಿಕೊಳ್ಳುವ ಮಗ ತಾನು ಎಂದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೂ ಹೇಸಿಗೆಯಾಗಿ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಕೆಳಗೆ ಇಚಲಕರಂಜಿಗೆ ಅಂಟಿದ ಕಬನೂರಿನ ಮಗ್ಗಗಳು ಬೆಳಿಗ್ಗೆಯೇ ಖಟಖಟ ಶುರುಮಾಡಿದ್ದವು. ಗೋಡೆ ಮುಟ್ಟಿದರೆ ಬೆರಳಿಗೆ ನಡುಕ ಹತ್ತುತ್ತಿತ್ತು. ಎದುರಿನ ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಇದೇ ತಾಯಿ ಇಳಕಲ್ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಬಾಯಿ ಮುಚ್ಚಿ ನಗುತ್ತಿದ್ದಳು. ಪಕ್ಕದಲ್ಲಿ ಕೋಟು ಹಾಕಿಕೊಂಡು, ತೋರುಬೆರಳನ್ನು ಹಣೆಗೆ ಊರಿಕೊಂಡು ಅವನು. ಮೇಲೆ ಮರಾಠಿಯಲ್ಲಿ ದಪ್ಪಕ್ಷರ: ‘ವಯ ಐಂಶೀ, ಸ್ಮರಣಶಕ್ತಿ ವಿಶೀಚೀ.’ ಎಂಬತ್ತರ ಮುದುಕಿಗೆ ಇಪ್ಪತ್ತರ ನೆನಪು. ಪ್ರಾಸ ಅವನದೇ. ಅದು ಹೊಳೆದ ದಿನ ಖುಷಿ ತಡೆಯಲಾರದೆ ಒಬ್ಬನೇ ಅಂಗಡಿಗೆ ಹೋಗಿ ಪೇಢೆ ತಿಂದು ಬಂದಿದ್ದ.

“ಅತ್ತೀದು ಸೀರಿ ಮತ್ತ ತೊಯ್ದೈತ್ರಿ,” ಎಂದಳು ಹೆಂಡತಿ ಶೀತಲ, ಮುದುಕಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸುತ್ತ. ಕುರ್ಚಿಯ ಮೇಲೆ ಒದ್ದೆ ಗುರುತು ಉಳಿದಿತ್ತು. “ಬ್ಯಾರೇ ಉಡಸ್ತೇನಿ. ಕೊಲ್ಲಾಪುರದ ಕಾರ್ಯಕ್ರಮದಾಗ ಹಿಂಗಾದ್ರ ನೀವೇನ್ ಮಾಡಾವ್ರು? ನಾನೂ ಬರ್ತೇನಿ.”

“ನೀ ಬರೂದು ಬ್ಯಾಡ.”

“ಬ್ಯಾಡ ಅಂದ್ರ ಹೆಂಗ್ರಿ? ಮಂದಿ ಮುಂದ ಸೀರಿ ಬದಲಸಾವ್ರು ಯಾರು, ನೀವ?”

ಶೀತಲಳನ್ನು ಇಷ್ಟು ವರ್ಷ ತನ್ನ ನೆನಪಿನ ವಿದ್ಯೆಯ ಒಂದು ಪ್ರಯೋಗಕ್ಕೂ ಕರೆದುಕೊಂಡು ಹೋಗಿರಲಿಲ್ಲ. ಅವಳು ದಾನೋಳಿಯವಳು, ಮನೆಯಲ್ಲಿ ಕನ್ನಡವಾಡಿ ಬೆಳೆದವಳು. ತೊಂದರೆ ಇದ್ದದ್ದು ಅಲ್ಲೇ. ವೇದಿಕೆಯ ಮೇಲೆ ಸಭೆ ಕೊಟ್ಟ ಪದಗಳನ್ನು ತಾಯಿ ನೆನಪಿನಿಂದ ಕನ್ನಡದಲ್ಲಿ ಹೇಳುತ್ತಾಳೆ, ಮಗ ಮರಾಠಿಗೆ ತಿರುಗಿಸುತ್ತಾನೆ. ಮೊದಮೊದಲು ಅವಳು ಹೇಳಿದ್ದನ್ನೇ ತಿರುಗಿಸುತ್ತಿದ್ದ. ಆಮೇಲೆ ಅವಳು ಒಂದೆರಡು ಪದ ತಪ್ಪತೊಡಗಿದಳು, ಅವನು ತಿದ್ದಿ ಹೇಳತೊಡಗಿದ. ಈಗೀಗ ಅವಳು ಏನು ಬಡಬಡಿಸಿದರೂ ಅವನ ಬಾಯಿಂದ ಸರಿಯಾದ ಪದವೇ ಬರುತ್ತಿತ್ತು. ಮರಾಠಿ ಶಾಲೆಗಳನ್ನು ನೋಡಿ ನೋಡಿಯೇ ಕಾರ್ಯಕ್ರಮ ಒಪ್ಪಿಕೊಳ್ಳುತ್ತಿದ್ದ. ಕನ್ನಡ ಬಲ್ಲ ಎರಡು ಕಿವಿಗಳನ್ನು ಇವತ್ತು ತಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕಾಗಿ ಬಂದಿತ್ತು.

ಕಾರಿನಲ್ಲಿ ಅವನು ಗಾಜು ಇಳಿಸಿದ. ಹಿಂದಿನ ಸೀಟಿನಿಂದ ಪೌಡರು, ವಿಭೂತಿ, ಎಷ್ಟು ತೊಳೆದರೂ ಹೋಗದ ಮೂತ್ರದ ವಾಸನೆ ಒಂದಾಗಿ ಬರುತ್ತಿತ್ತು. ಶಿರೋಲಿಯ ಸೇತುವೆಯ ಮೇಲೆ ಗಾಜು ಏರಿಸಬೇಕಾಯಿತು. ಕೆಳಗೆ ಪಂಚಗಂಗೆಯಲ್ಲಿ ಜಲಕಳೆ ಕೊಳೆಯುತ್ತಿತ್ತು. ಹೊರಗಿನದೋ ಒಳಗಿನದೋ, ಒಂದನ್ನು ಆರಿಸಿಕೊಳ್ಳಬೇಕು ಅಷ್ಟೇ. ಹೇಸಿಗೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದವನು ಹೊಟ್ಟೆ ಹೊರೆಯುತ್ತಿದ್ದುದು ಹೇಸಿಗೆಯಿಂದಲೇ. ಅವನ ವಿದ್ಯೆಯ ಗುಟ್ಟು ಅದು: ನೆನಪಿಡಬೇಕಾದದ್ದನ್ನು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಮನೆಯೊಳಗೆ ಇಡಿ. ಹೊಸ್ತಿಲಿನಲ್ಲಿ ಒಂದು, ಪಡಸಾಲೆಯಲ್ಲಿ ಒಂದು, ದೇವರ ಮನೆಯಲ್ಲಿ ಒಂದು. ಬೇಕಾದಾಗ ಕಣ್ಣು ಮುಚ್ಚಿ ಆ ಮನೆಯಲ್ಲಿ ನಡೆದಾಡಿದರೆ ಒಂದೊಂದಾಗಿ ಕಾಣುತ್ತವೆ. ಆದರೆ ಸುಮ್ಮನೆ ಇಟ್ಟರೆ ನಿಲ್ಲುವುದಿಲ್ಲ. ಮಿದುಳು ಚಂದವಾದದ್ದನ್ನು ವಾರದಲ್ಲಿ ಬಿಟ್ಟುಬಿಡುತ್ತದೆ, ಹೊಲಸನ್ನು ಬಿಡುವುದಿಲ್ಲ. ಮೊಘಲರ ಹೆಸರು ನೆನಪಿರಬೇಕೇ? ಬಾಬರ ನಿಮ್ಮ ಹೊಸ್ತಿಲಿನಲ್ಲಿ ವಾಂತಿ ಮಾಡುತ್ತಿದ್ದಾನೆ ಎಂದುಕೊಳ್ಳಿ. ಅವನ ಕ್ಲಾಸಿನ ಮಕ್ಕಳು ಹೋ ಎಂದು ನಗುತ್ತಿದ್ದವು, ಪರೀಕ್ಷೆಯಲ್ಲಿ ಬರೆಯುತ್ತಿದ್ದವು, ಅವರ ಅಪ್ಪಂದಿರು ಮತ್ತೊಂದು ಮಗುವನ್ನು ತಂದು ಸೇರಿಸುತ್ತಿದ್ದರು. ಅವನ ಸ್ವಂತ ಲೆಕ್ಕದ ಮನೆ ಗಡಹಿಂಗ್ಲಜದ್ದು, ಹುಟ್ಟಿ ಬೆಳೆದದ್ದು. ಅದರ ಮೂಲೆ ಮೂಲೆಗೆ ವರ್ಷಗಟ್ಟಲೆ ಕೀವು, ಗೊಣ್ಣೆ, ಹುಳ ಬಿದ್ದ ಹುಣ್ಣು ಸುರಿದು ಸುರಿದು, ಈಗ ಅಪ್ಪನ ಮುಖವನ್ನು ನೆನೆಯಲು ಹೋದರೆ ಅಪ್ಪ ಕೂರುತ್ತಿದ್ದ ಗಾದಿಯ ಮೇಲೆ ಯಾವುದೋ ರಸಾಯನಶಾಸ್ತ್ರದ ಸೂತ್ರ ಕುಳಿತು ಭೇದಿ ಮಾಡಿಕೊಳ್ಳುತ್ತಿತ್ತು.

ಆ ಮನೆಯಲ್ಲಿ ಅವನು ಬಚ್ಚಲಿನವರೆಗೆ ಮಾತ್ರ ಹೋಗುತ್ತಿದ್ದ. ಬಚ್ಚಲು ದಾಟಿದರೆ ಹಿತ್ತಿಲು, ಹಿತ್ತಿಲಿನಲ್ಲಿ ತಗಡು ಹೊದೆಸಿದ ಗಾಣದ ಕೋಣೆ. ಅಜ್ಜನ ಕಾಲದಲ್ಲಿ ಶೇಂಗಾ ಎಣ್ಣೆ ತೆಗೆಯುತ್ತಿದ್ದ ಗಾಣ. ಅವನಿಗೆ ಬುದ್ಧಿ ಬರುವಷ್ಟರಲ್ಲಿ ಎತ್ತೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ. ನೆಲಕ್ಕೆ ಹಿಡಿದ ಹಿಂಡಿಯ ಕಮಟು ವಾಸನೆ ಉಳಿದಿತ್ತು. ಶಾಲೆಯಲ್ಲಿ ಮರಾಠಿ ಹುಡುಗರು ಗಾಣವನ್ನು ಬೇಕೆಂದೇ ‘ಘಾಣ’ ಎಂದು ಎಳೆದು ಹೇಳಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ಘಾಣ ಎಂದರೆ ಅವರಲ್ಲಿ ಹೊಲಸು. ಅವನು ಅಳುತ್ತ ಮನೆಗೆ ಬಂದರೆ ತಮ್ಮ ಕಾಡಸಿದ್ದ, ಮಾತು ಸರಿಯಾಗಿ ಬಾರದವನು, ದೊಡ್ಡವನಾದರೂ ಚಡ್ಡಿಯಲ್ಲೇ ಮಾಡಿಕೊಳ್ಳುವವನು, ನಗುತ್ತ ಬಂದು ಅವನ ಕೆನ್ನೆಯನ್ನು ನೆಕ್ಕುತ್ತಿದ್ದ. ಆ ಜೊಲ್ಲು ಬೆಚ್ಚಗಿರುತ್ತಿತ್ತು.

“ಗಾಡಿ ನಿಂದ್ರಸ್ರಿ, ಅತ್ತಿ ಏನೋ ಅನ್ನಾಕತ್ತಾರ,” ಎಂದಳು ಶೀತಲ.

“ಏನಿಲ್ಲ ಬಿಡು. ಊರ ಮುಟ್ಟಾಕ ಬಂತು.”

“ಕಾಡಸಿದ್ದ, ಕಾಡಸಿದ್ದ ಅಂತಾರ ಮತ್ತ. ನಿನ್ನೆ ಸಂಜೀ ಇಡೀ ಇದ ಧ್ಯಾಸ.”

“ದೇವರ ಹೆಸರು ತಗೋತಾಳ. ವಯಸ್ಸಾದವ್ರು.”

ಕಾಡಸಿದ್ದೇಶ್ವರನ ಹೆಸರು ಎಂದು ಮೊದಲ ಸಲ ಹೇಳಿದಾಗ ಅವನಿಗೇ ತನ್ನ ಚುರುಕುತನದ ಬಗ್ಗೆ ಆಶ್ಚರ್ಯವಾಗಿತ್ತು. ಶೀತಲ ಪಾಪ ನಂಬಿದ್ದಳು. ಅತ್ತೆಗೆ ಕೊನೆಗಾಲದಲ್ಲಿ ಭಕ್ತಿ ಬಂದಿದೆ ಎಂದು ಸೋಮವಾರ ಸೋಮವಾರ ಅವಳ ಕೈಹಿಡಿದು ಗುಡಿಗೆ ಕರೆದೊಯ್ಯುತ್ತಿದ್ದಳು, ಅವಳ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದಳು. ತನ್ನ ಗಂಡ ಒಬ್ಬನೇ ಮಗ ಎಂದು ಲಗ್ನದ ಮಾತುಕತೆಯ ದಿನದಿಂದ ನಂಬಿದವಳು. ಒಬ್ಬನೇ ಮಗ ಎಂದು ಹೇಳಬೇಕೆಂದು ಅವನು ತಾಯಿಗೆ ಬಾಯಿಪಾಠ ಮಾಡಿಸಿದ್ದ. ಅವಳೂ ಇಪ್ಪತ್ತೇಳು ವರ್ಷ ತಪ್ಪದೆ ಹೇಳಿದ್ದಳು. ಅವನ ಶಿಷ್ಯರಲ್ಲಿ ಮೊದಲಿನವಳು, ಎಲ್ಲರಿಗಿಂತ ಜಾಣೆ. ಈ ಮರೆವಿನ ಬೇನೆಯಲ್ಲಿ ಇತ್ತೀಚಿನದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ ಎಂದು ಡಾಕ್ಟರು ಹೇಳಿದಾಗ ಅವನು ತಲೆಯಾಡಿಸಿದ್ದ, ಅದು ಅವನೇ ಪಾಠ ಮಾಡುತ್ತಿದ್ದ ಸಂಗತಿ. ಅದರ ಅರ್ಥ ಆಮೇಲೆ ಹೊಳೆಯಿತು. ನಿಜ ಹಳೆಯದು, ಸುಳ್ಳು ಹೊಸದು. ತಾಯಿ ಮರೆಯುತ್ತಿದ್ದುದು ಸುಳ್ಳನ್ನು.

ಸಭಾಗೃಹದ ಬಾಗಿಲಲ್ಲಿ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಾದ ಬಾಪೂಸಾಹೇಬರು ಹಾರ ಹಿಡಿದು ನಿಂತಿದ್ದರು. ದೊಡ್ಡ ಹೊಟ್ಟೆಯ, ದೊಡ್ಡ ದನಿಯ, ಯಾವುದಕ್ಕಾದರೂ ನಗಬಲ್ಲ ಮನುಷ್ಯ. ಬಾಳಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಆ ಕೈಯನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡರು. ಸಿದ್ದಾರೂಢ ಅದನ್ನು ನೋಡಿದ. ತಾಯಿಯ ಬಗ್ಗೆ ತಾನು ಹೇಸಿಕೊಳ್ಳುವುದು ಒಂದು, ಇನ್ನೊಬ್ಬ ಹೇಸಿಕೊಳ್ಳುವುದು ಇನ್ನೊಂದು. ಅವರ ಮುಖಕ್ಕೆ ಹೊಡೆಯಬೇಕೆನ್ನಿಸಿತು. “ಧನ್ಯವಾದ ಸರ್,” ಎಂದು ಹಲ್ಲು ಕಿರಿದ. ಒಳಗೆ ಮಕ್ಕಳು, ಅಪ್ಪಂದಿರು, ಡಬ್ಬಿಯಲ್ಲಿ ಚುರುಮುರಿ ತಂದ ತಾಯಂದಿರು. ಶೀತಲ ಮುಂದಿನ ಸಾಲಿನಲ್ಲಿ, ಬಿಡಿ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಗಂಡನ ವಿದ್ಯೆಯನ್ನು ಮೊದಲ ಸಲ ನೋಡಲಿಕ್ಕೆ ಬಂದವಳ ಮುಖದಲ್ಲಿ ಒಂದು ಥರದ ಹೆಮ್ಮೆಯಿತ್ತು, ಅದನ್ನು ಅವನಿಗೆ ನೋಡಲಾಗಲಿಲ್ಲ.

ಅವನು ಭಾಷಣ ಶುರುಮಾಡಿದ. ಓದಿದ್ದನ್ನು ಅದೇ ಸಂಜೆ ಒಮ್ಮೆ, ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ ತೆಗೆದು ನೋಡಿ ಎಂದ. ನಿದ್ದೆಗೆಡಬೇಡಿ, ನೆನಪು ಗಟ್ಟಿಯಾಗುವುದು ನಿದ್ದೆಯಲ್ಲೇ ಎಂದ. ನೆನಪೆಂದರೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆಯಲ್ಲ; ಪ್ರತಿ ಸಲ ಹೊರತೆಗೆದಾಗ ನಾವು ಅದನ್ನು ಹೊಸದಾಗಿ ನೇಯುತ್ತೇವೆ, ಆಗ ನಮ್ಮ ಕೈಯ ಕೊಳೆಯೂ ಅದಕ್ಕೆ ಹತ್ತುತ್ತದೆ ಎಂದ. ಸಭೆ ತಲೆದೂಗಿತು. ಇದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಲಗ್ನಕ್ಕೆ ಹೊರಟ ದಿನ ಗಡಹಿಂಗ್ಲಜದ ಹಿತ್ತಿಲಿನಲ್ಲಿ ನೆರೆಮನೆಯ ನಾಗೂಬಾಯಿಯ ಕೈಗೆ, ತಮ್ಮನನ್ನು ಕೂಡಿಹಾಕಿದ ಗಾಣದ ಕೋಣೆಯ ಕೀಲಿಕೈಯನ್ನು ತಾನು ಕೊಡುವುದು, ‘ಅವಗ ಎರಡೂ ಹೊತ್ತು ಊಟಾ ಕೊಡ ಕಾಕೂ’ ಎನ್ನುವುದು, ಅವಳು ಸೆರಗಿನ ತುದಿಗೆ ಅದನ್ನು ಗಂಟು ಹಾಕಿಕೊಳ್ಳುವುದು ಈಗ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸೆರಗಿನ ಹಸಿರು ಅಂಚು ಕೂಡ. ಅಷ್ಟು ಸಲ ನೇಯ್ದಿದ್ದ. ಆದರೆ ಕೀಲಿಕೈ ಸಿಕ್ಕಿದ್ದು ಅವನ ಲಗ್ನದ ಕೋಟಿನ ಜೇಬಿನಲ್ಲಿ, ಅಕ್ಷತೆಯ ಅಕ್ಕಿಕಾಳಿನ ಜೊತೆ, ದಾನೋಳಿಯಿಂದ ಹೊಸ ಹೆಂಡತಿಯ ತವರಿನ ಊಟ ಉಂಡು ಮರಳಿ ಬಂದ ಮೇಲೆ. ಮೇ ತಿಂಗಳು, ತಗಡಿನ ಮಾಡು. ನಡುವೆ ಒಮ್ಮೆ ಬಾಳಕ್ಕ, ಬೀಗರ ಮನೆಯ ಗದ್ದಲದಲ್ಲಿ ಅವನನ್ನು ಮೂಲೆಗೆ ಕರೆದು, ‘ನಾಗೂಬಾಯಿಗೆ ಹೇಳಿ ಬಂದಿ ಹೌದಲ್ಲೊ?’ ಎಂದು ಕೇಳಿದ್ದಳು. ಅವನು ‘ಹ್ಞೂ’ ಎಂದಿದ್ದ. ಆಗ ನೆನಪಾಗಿತ್ತೇ? ಮರೆತದ್ದೋ, ಮರೆತವನ ಹಾಗೆ ಇದ್ದದ್ದೋ? ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದನ್ನು ನೆವ ಹೇಳಿ ಮುಂದಕ್ಕೆ ಹಾಕಿ, ತಾಯಿಮಗ ಇಬ್ಬರೇ ಮರಳಿದ್ದರು. ಕಾಡಸಿದ್ದ ಜ್ವರ ಬಂದು ಹೋದ ಎಂದು ಓಣಿಗೆ ಹೇಳಿ ಹೊಲದಲ್ಲಿ ಮಣ್ಣು ಮಾಡಿ, ತಿಂಗಳೊಳಗೆ ಮನೆ ಬಿಟ್ಟು ಇಚಲಕರಂಜಿಗೆ ಬಂದಿದ್ದರು. ಶೀತಲ ಸಂಸಾರ ಹೂಡಿದ್ದು ಇಲ್ಲಿಯೇ. ಬೀಗ ತೆಗೆದಾಗ ಬಂದ ವಾಸನೆಗೆ ಅವನು ಮೊದಲು ಮಾಡಿದ್ದು ಮೂಗು ಮುಚ್ಚಿಕೊಂಡದ್ದು. ಅದೊಂದನ್ನು ಎಷ್ಟು ಸಲ ನೇಯ್ದರೂ ಬದಲಾಯಿಸಲು ಆಗಿರಲಿಲ್ಲ.

ಹಲಗೆಯ ಮೇಲೆ ಸಭಿಕರು ಹೇಳಿದ ಪದಗಳನ್ನು ಬರೆದರು: ಛತ್ರಿ, ಹತ್ತೀ, ಗಡಿಯಾರ, ಸಾಬೂನು, ಚಪ್ಪಲಿ, ಹೀಗೆ. ಬಾಳಕ್ಕ ಹಲಗೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕುಳಿತಿದ್ದಳು. ಅವನು ಒಂದೊಂದು ಪದವನ್ನೂ ಅವಳ ಕಿವಿಯಲ್ಲಿ ಹೇಳಿ, ಇಡಬೇಕಾದ ಜಾಗವನ್ನೂ ಹೇಳಿ, ಕೊನೆಗೆ ಮೈಕನ್ನು ಬಾಯಿಯ ಹತ್ತಿರ ಹಿಡಿದ. “ಅವ್ವ, ಕಣ್ಣ ಮುಚ್ಚು. ಮನೀ ಒಳಗ ಹೋಗು. ಹೊಸ್ತಲದಾಗ ಏನ್ ಐತಿ?”

“ಛತ್ರಿ ಐತಿ,” ಎಂದಳು ಬಾಳಕ್ಕ.

ಚಪ್ಪಾಳೆ ಬಿತ್ತು. ಅವನಿಗೆ ತಿರುಗಿಸಿ ಹೇಳುವುದೇ ಬೇಕಾಗಲಿಲ್ಲ. ಇವತ್ತು ದೇವರು ದೊಡ್ಡವನು ಎಂದುಕೊಂಡ.

“ಪಡಸಾಲ್ಯಾಗ?”

“ಹತ್ತಿ. ಒಣಗಾಕ ಹರವ್ಯಾರ. ಯಾರೂ ತುಳೀಬ್ಯಾಡ್ರಿ.”

“ಪಡಸಾಲೆಯಲ್ಲಿ ಆನೆ ನಿಂತಿದೆ ಎನ್ನುತ್ತಿದ್ದಾರೆ,” ಎಂದು ಅವನು ಮರಾಠಿಯಲ್ಲಿ ಹೇಳಿದ. ಮರಾಠಿಯ ಹತ್ತೀ ಆನೆ. ಅವಳು ಹೇಳಿದ್ದು ಬುಟ್ಟಿಯ ಹತ್ತಿ. ಸಭೆಗೆ ಪದ ಸರಿಯಾಗಿಯೇ ಕೇಳಿಸಿತ್ತು, ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಶೀತಲ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಗಂಡನ ಈ ಸಣ್ಣ ಮೋಸ ಅವಳಿಗೆ ತಮಾಷೆಯಾಗಿ ಕಂಡಂತಿತ್ತು.

“ದೇವರ ಮನ್ಯಾಗ, ಅವ್ವ?”

ಬಾಳಕ್ಕನ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಹೊರಳುತ್ತಿತ್ತು. “ಇಲ್ಲ. ಇಲ್ಲಿಲ್ಲ ಅವ.”

“ದೇವರ ಮನೆಯಲ್ಲಿ ಗಡಿಯಾರ,” ಎಂದ ಅವನು ಸಭೆಗೆ, ಮರಾಠಿಯಲ್ಲಿ.

“ಅಡಗೀ ಮನ್ಯಾಗೂ ಇಲ್ಲ. ಗಂಗಾಳ ಹಂಗ ಐತಿ, ಉಂಡ ಇಲ್ಲ.”

“ಅಡುಗೆಮನೆಯಲ್ಲಿ ಸಾಬೂನು.”

“ಕಾಡಸಿದ್ದಗ ಯಾರೂ ಊಟಾ ಕೊಟ್ಟಿಲ್ಲೇನೊ ಸಿದ್ದಾ? ಎರಡ ದಿನ ಆತಲ್ಲೊ.”

“ಚಪ್ಪಲಿ,” ಎಂದ. ಜಾಗ ಹೇಳುವುದನ್ನು ಮರೆತ. ಶೀತಲಳ ಸೆರಗು ಬಾಯಿಂದ ಕೆಳಗಿಳಿದಿತ್ತು. ಗುಡಿಯಲ್ಲಿ ಕುಳಿತಿರುವ ದೇವರಿಗೆ ಊಟ ಕೊಡದೇ ಇರುವುದು ಹೇಗೆ ಎಂದು ಅವಳು ಲೆಕ್ಕ ಹಾಕುತ್ತಿರುವುದು ಅಲ್ಲಿಂದಲೇ ಕಾಣುತ್ತಿತ್ತು. ಮೈಕನ್ನು ತಾಯಿಯ ಬಾಯಿಂದ ಕಿತ್ತುಕೊಂಡು, ಅಮ್ಮನಿಗೆ ದಣಿವಾಗಿದೆ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಇನ್ನು ಕೆಲವೇ ಪದಗಳು ಉಳಿದಿದ್ದವು. ಹಲಗೆಯ ಪದಗಳನ್ನೆಲ್ಲ ಮುಗಿಸಿದರೆ ಬಾಪೂಸಾಹೇಬರು ತಮ್ಮ ಸಂಸ್ಥೆಯ ಐದೂ ಶಾಲೆಗಳ ಕ್ಲಾಸುಗಳನ್ನು ಅವನಿಗೆ ಕೊಡುವ ಮಾತಾಗಿತ್ತು. ಅಂಥ ಹೊತ್ತಿನಲ್ಲೂ ಆ ಐದು ಶಾಲೆಗಳು ನೆನಪಾದವಲ್ಲ ಎಂದು ಅವನಿಗೆ ತನ್ನ ಮೇಲೆ ಉಗುಳಬೇಕೆನ್ನಿಸಿತು, ಆದರೂ ಮೈಕು ಹಿಡಿದ ಕೈ ಹಿಂದೆ ಬರಲಿಲ್ಲ.

ಬಾಳಕ್ಕ ಬಚ್ಚಲು ದಾಟಿದ್ದಳು. ಅದು ಅವಳ ಕಾಲು ನೋಡಿದರೆ ಗೊತ್ತಾಗುತ್ತಿತ್ತು. ಹಿತ್ತಿಲಿನ ಮೆಟ್ಟಿಲಿಳಿಯುವಾಗ ಸೀರೆ ಎತ್ತಿ ಹಿಡಿಯುವ ಹಾಗೆ ನಿರಿಗೆಯನ್ನು ಎತ್ತಿ ಹಿಡಿದಳು. “ಇಲ್ಲೇ ಅದಾನ,” ಎಂದಳು. “ಗಾಣದಾಗ ಅದಾನ. ಗಾಣ... ಗಾಣ...”

ಮರಾಠಿಯಲ್ಲಿ ಗಾಣ ಎಂದರೆ ಹಾಡು. ಮೈಕಿನಲ್ಲಿ ಮುದುಕಿಯ ನಡುಗುವ ದನಿಯಿಂದ ಆ ಒಂದು ಪದ ಇಡೀ ಸಭೆಗೆ ನೆಟ್ಟಗೆ ಅರ್ಥವಾಯಿತು. ಬಾಪೂಸಾಹೇಬರು ಎದ್ದು ನಿಂತು, “ಆಜೀ ಗಾಣ ಮ್ಹಣಣಾರ!” ಎಂದು ಕೂಗಿದರು, ಅಜ್ಜಿ ಹಾಡು ಹೇಳುತ್ತಾರಂತೆ ಎಂದು. ಮಕ್ಕಳಿಗೆ ಅಷ್ಟೇ ಸಾಕಾಯಿತು. ಒಂದು ಮೂಲೆಯಿಂದ ಶುರುವಾಗಿ ಇಡೀ ಸಭೆ ಚಪ್ಪಾಳೆಯ ತಾಳಕ್ಕೆ ಒಂದೇ ಸಮ ಕೂಗತೊಡಗಿತು: ಗಾಣ! ಗಾಣ! ಗಾಣ!

ಬಾಳಕ್ಕ ಕಣ್ಣು ತೆರೆದಳು. ಮೊದಲು ಬೆದರಿದಳು. ಆಮೇಲೆ ಅವಳ ಮುಖ ನಿಧಾನವಾಗಿ ಸಡಿಲವಾಯಿತು. ಸಾಲು ಸಾಲಾಗಿ ಕುಳಿತ ಮಂದಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು, ಬಾಯಿ ಮುಚ್ಚಿ ನುಂಗಿದಳು.

“ಗಾಣ ಅನ್ನಾಕತ್ತಾರ, ಸಿದ್ದಾ,” ಎಂದಳು. “ಇವರಿಗೆಲ್ಲಾ ಗೊತ್ತೈತೇನೊ?”

ಅವನು ಹಲಗೆಯ ಕಡೆ ನೋಡಿದ.

“ಇಷ್ಟ ಮಂದಿಗೆ ಗೊತ್ತೈತಿ. ಮತ್ತ ನಾವ್ಯಾಕ ಮುಚ್ಚಿಟ್ಟಿವೊ? ಬಾಗಲಾ ತಗೀ ಅನ್ನಾಕತ್ತಾರ. ತಗಿ. ಕೀಲಿಕೈ ನಿನ್ನ ಹಂತ್ಯಾಕ ಐತೆಲ್ಲೊ. ಕೂಸು ಬಾಗಲಾ ಬಡದೂ ಬಡದೂ ಸುಮ್ಮನಾಗೇತಿ.”

ಇದೂ ಮೈಕಿನಲ್ಲೇ ಹೋಯಿತು. ಕೂಗಿನಲ್ಲಿ ಯಾರಿಗೂ ಕೇಳಿಸಿರಲಿಕ್ಕಿಲ್ಲ, ಕೇಳಿಸಿದವರಿಗೆ ತಿಳಿದಿರಲಿಕ್ಕಿಲ್ಲ. ಒಬ್ಬಳಿಗೆ ತಿಳಿಯಿತು. ಶೀತಲ ಸೀರೆಯ ಚೀಲವನ್ನು ಕುರ್ಚಿಯ ಮೇಲಿಟ್ಟು, ಪಕ್ಕದ ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು. ಗಂಡನ ಕಡೆ ನೋಡಲಿಲ್ಲ. ಅತ್ತೆಯ ಮುಂದೆ ಮೊಣಕಾಲೂರಿ ಕುಳಿತಳು. ಮಂದಿ ಇದನ್ನು ಸೊಸೆಯ ಭಕ್ತಿ ಎಂದುಕೊಂಡು ಸುಮ್ಮನಾದರು.

“ಅತ್ತಿ, ಕಾಡಸಿದ್ದ ಯಾರ್ರಿ?”

“ನನ್ನ ಸಣ್ಣ ಮಗ,” ಎಂದಳು ಬಾಳಕ್ಕ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. “ನಿನ್ನ ಮೈದುನ ಅಲ್ಲೇನ, ಹುಚ್ಚಿ? ನಿಮ್ಮ ಲಗ್ನಕ್ಕ ಅವನ್ನ ಕರಕೊಂಡ ಬರಲಿಲ್ಲ ನಾವು. ಮಂದಿ ನಗ್ತಾರಂತ.” ಅವಳು ಶೀತಲಳ ಕೆನ್ನೆಯನ್ನು ಎಂಜಲು ಬೆರಳಿನಿಂದ ಸವರಿದಳು. “ಬಾಗಲಾ ತಗದ್ರೇನ? ಅವ ಹೊರಗ ಬಂದನೇನ ನೋಡ.”

ಆಗ ಶೀತಲ ತಲೆಯೆತ್ತಿ ಗಂಡನನ್ನು ನೋಡಿದಳು. ಆ ನೋಟವನ್ನು ಅವನು ಬಲ್ಲವನಾಗಿದ್ದ. ದಿನವೂ ಬೆಳಿಗ್ಗೆ ತಾಯಿಯ ಬಾಯಿಯನ್ನು ತಾನು ನೋಡುತ್ತಿದ್ದದ್ದು ಹೀಗೆಯೇ. ಅವಳು ಮುಖ ತಿರುಗಿಸಿ ಮುದುಕಿಯ ಎರಡೂ ಕೈಗಳನ್ನು ಹಿಡಿದುಕೊಂಡಳು.

“ಬಂದಾನ್ರಿ ಅತ್ತಿ,” ಎಂದಳು. “ಈಗ ಹೊರಗ ಬಂದಾನ.”

ಬಾಳಕ್ಕ ಅಳತೊಡಗಿದಳು. ಮೂಗಿನ ನೀರು, ಜೊಲ್ಲು, ಕಣ್ಣೀರು ಒಂದಾಗಿ ಗದ್ದದಿಂದ ಶೀತಲಳ ಕೈಮೇಲೆ ಬೀಳುತ್ತಿತ್ತು. ಅವಳು ಕೈ ಎಳೆದುಕೊಳ್ಳಲಿಲ್ಲ. ಸಭೆ ಕಕ್ಕಾಬಿಕ್ಕಿಯಾಗಿತ್ತು. ಬಾಪೂಸಾಹೇಬರು ನಗುಮುಖದಲ್ಲೇ ಹತ್ತಿರ ಬಂದು, ಸಿದ್ದಾರೂಢನ ಕೈಯಲ್ಲಿದ್ದ ಮೈಕನ್ನು ಅವನ ಬಾಯಿಗೇ ತಿರುಗಿಸಿ, “ಕಾಯ ಝಾಲಂ ಸರ್? ಕಾಯ ಮ್ಹಣತಾತ ಆಜೀ?” ಎಂದರು. ಏನಾಯಿತು, ಅಜ್ಜಿ ಏನನ್ನುತ್ತಾರೆ. ಹಲಗೆಯ ಮೇಲೆ ಮುಂದಿನ ಪದ ಕಾದಿತ್ತು. ಅದು ಅವನಿಗೆ ಬಾಯಿಪಾಠವಿತ್ತು, ಅದರ ಮುಂದಿನದೂ ಇತ್ತು. ನಾಲಗೆಯ ತುದಿಗೆ ಬಂದಿದ್ದ ಆ ಪದವನ್ನು ಅವನು ಉಗುಳಿನ ಜೊತೆ ನುಂಗಿದ. ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಶೀತಲ ತಾಯಿಗೆ ಹೇಳಿದ ಮಾತನ್ನು ಇದ್ದಹಾಗೆಯೇ ಮರಾಠಿಗೆ ತಿರುಗಿಸಿದ.

“ಮಾಝಾ ಭಾಊ ಆಲಾಯ,” ಎಂದ. ನನ್ನ ತಮ್ಮ ಬಂದಿದ್ದಾನೆ.

“ಅರೆ ವಾ!” ಎಂದರು ಬಾಪೂಸಾಹೇಬರು. ಯಾರೋ ಚಪ್ಪಾಳೆ ತಟ್ಟಿದರು, ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಚಪ್ಪಾಳೆ ತಟ್ಟುತ್ತಲೇ ಮಕ್ಕಳು, ಅಪ್ಪಂದಿರು, ತಾಯಂದಿರು ಎಲ್ಲರೂ ಬಂದವನನ್ನು ನೋಡಲು ಕುತ್ತಿಗೆ ಹೊರಳಿಸಿ ಬಾಗಿಲ ಕಡೆ ತಿರುಗಿದರು. ಸಿದ್ದಾರೂಢನೂ ತಿರುಗಿ ನೋಡಿದ.